ನೀರ್ಫಣಸ ಅಂದ್ರೆ ಏನು, ಹೇಗೆ ತಿನ್ನೋದು? ಗೋವಾಕ್ಕೆ ಬಂದ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗದಗಿನ ಕಡೆಯವಳು. ಮದುವೆಯಾಗಿ ಫೋಂಡಾಕ್ಕೆ ಬಂದು 14 ವರ್ಷ ಆಯಿತು. ನಾವಿರುವ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ನೀರ್ಫಣಸದ ಮರ ಇದೆ. ಮಳೆ ಶುರುವಾಯಿತೆಂದರೆ ನನ್ನ ಫೋನಿಗೆ ಫೋಟೋಗಳೂ ಶುರು. "ಅಕ್ಕಾ, ಮಾರ್ಕೆಟ್‌ನ್ಯಾಗ ಇದನ್ನ ನೋಡಿದೆ, ಏನಿದು? ಹಲಸಿನ ಮರಿ ಏನು?" ವಾಸ್ಕೋದಿಂದ, ಮಡಗಾಂವಿನಿಂದ, ಮಾಪುಸಾದಿಂದ ಎಲ್ಲರದೂ ಅದೇ ಪ್ರಶ್ನೆ. ಹುಬ್ಬಳ್ಳಿ, ಹಾವೇರಿ, ಬಾಗಲಕೋಟೆ ಕಡೆಯಿಂದ ಬಂದವರಿಗೆ ಇದು ಕಂಡೇ ಇರದ ಕಾಯಿ. ಮಂಗಳೂರು, ಕುಂದಾಪುರದವರಿಗೆ ಮಾತ್ರ ಹಳೇ ನೆಂಟ. ಪ್ರತಿಯೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ. ಹಾಗಾಗಿ ಎಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಹಲಸಿನಕಾಯೇ ಅಲ್ವಾ?

ಅಲ್ಲ. ಹಲಸಿನ ಹತ್ತಿರದ ಸಂಬಂಧಿ, ಅಷ್ಟೇ. ಎರಡೂ ಆರ್ಟೋಕಾರ್ಪಸ್ ಅನ್ನುವ ಒಂದೇ ಗುಂಪಿನವು. ಹಲಸು ಆರ್ಟೋಕಾರ್ಪಸ್ ಹೆಟೆರೋಫಿಲ್ಲಸ್, ಇದು ಆರ್ಟೋಕಾರ್ಪಸ್ ಆಲ್ಟಿಲಿಸ್. ಆರ್ಟೋಸ್ ಅಂದರೆ ಗ್ರೀಕ್ ಭಾಷೆಯಲ್ಲಿ ರೊಟ್ಟಿ, ಕಾರ್ಪೋಸ್ ಅಂದರೆ ಹಣ್ಣು. ಇಂಗ್ಲಿಷಿನ ಬ್ರೆಡ್ ಫ್ರೂಟ್, ಪೋರ್ಚುಗೀಸರ ಫ್ರುತಾ ಪಾಂವ್, ಎರಡರ ಅರ್ಥವೂ ಅದೇ.

ನೋಡಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತೆ. ಹಲಸು ಕಾಂಡಕ್ಕೇ ಅಂಟಿಕೊಂಡು ಬಿಡುತ್ತೆ, ಉದ್ದ, ದೊಡ್ಡದು. ಇದು ಕೊಂಬೆಯ ತುದಿಯಲ್ಲಿ ಬಿಡುತ್ತೆ, ಗುಂಡಗೆ, ಹೆಚ್ಚೆಂದರೆ ಮಕ್ಕಳು ಆಡುವ ಚೆಂಡಿನಷ್ಟು. ತೂಕ ಸಾಮಾನ್ಯವಾಗಿ ಒಂದರಿಂದ ಎರಡು ಕಿಲೋ. ಎಲೆ ನೋಡಿದರಂತೂ ಅನುಮಾನವೇ ಬೇಡ. ಹಲಸಿನ ಎಲೆ ಅಂಗೈಯಷ್ಟು, ನುಣುಪು. ಇದರ ಎಲೆ ಮೊಳದುದ್ದ, ಪಪ್ಪಾಯಿ ಎಲೆಯ ಹಾಗೆ ಸೀಳು ಸೀಳು.

ಒಳಗಡೆ ಇನ್ನೂ ಬೇರೆ. ಹಲಸಿನಲ್ಲಿ ತೊಳೆ, ಬೀಜ, ನಾರು ಎಲ್ಲ ಬೇರೆ ಬೇರೆ. ಇದರಲ್ಲಿ ತೊಳೆಯೇ ಇಲ್ಲ. ಕೆನೆ ಬಣ್ಣದ ಒಂದೇ ಗಟ್ಟಿ ತಿರುಳು, ನಡುವೆ ಸ್ಪಂಜಿನಂಥ ದಿಂಡು. ನಾವು ತಿನ್ನುವ ಹೆಚ್ಚಿನ ಮರಗಳಲ್ಲಿ ಬೀಜವೇ ಇರಲ್ಲ.

ಸಿಪ್ಪೆಯ ಮೇಲೆ ಐದು ಮೂಲೆ, ಆರು ಮೂಲೆಯ ಸಣ್ಣ ಸಣ್ಣ ಮನೆಗಳಿರುತ್ತವೆ, ನೋಡಿ. ಒಂದೊಂದು ಮನೆಯೂ ಒಂದು ಕಾಲಕ್ಕೆ ಒಂದೊಂದು ಹೂವು. ಹೀಗೆ ಸುಮಾರು 1,500ರಿಂದ 2,000 ಹೂವು ಕೂಡಿ ಒಂದು ಕಾಯಿ ಆಗುತ್ತೆ. ಇದು ಗೊತ್ತಾದ ಮೇಲೆ ಸಿಪ್ಪೆ ಹೆರೆಯುವಾಗಲೆಲ್ಲ ನನ್ನ ಮಗ ಪಕ್ಕದಲ್ಲಿ ಕೂತು ಮನೆ ಎಣಿಸುತ್ತಾನೆ. ನೂರು ದಾಟುವ ಮೊದಲೇ ಬೇಸರ ಬಂದು ಎದ್ದು ಹೋಗುತ್ತಾನೆ, ಅದು ಬೇರೆ ಮಾತು.

ಕನ್ನಡದಲ್ಲಿ ಇದಕ್ಕೆ ಏನು ಹೆಸರು?

ಕರಾವಳಿಯಲ್ಲಿ ಜೀಗುಜ್ಜೆ. ತುಳುವಿನಲ್ಲೂ ಅದೇ. ಗುಜ್ಜೆ ಅಂದರೆ ಎಳೆ ಹಲಸು. ಜೀಗುಜ್ಜೆಯನ್ನೂ ಗುಜ್ಜೆಯನ್ನೂ ಬೆರೆಸಿಬಿಟ್ಟರೆ ಮಂಗಳೂರಿನವರು ಬೇಜಾರು ಮಾಡಿಕೊಳ್ಳುತ್ತಾರೆ, ಜೋಕೆ. ದೀವಿಹಲಸು, ನೀರುಹಲಸು, ಬೇರುಹಲಸು ಅಂತಲೂ ಕರೆಯುತ್ತಾರೆ. ಬೇರುಹಲಸು ಅನ್ನುವ ಹೆಸರು ನನಗೆ ಇಷ್ಟ, ಯಾಕೆಂದರೆ ಇದರ ಗಿಡ ನಿಜವಾಗಲೂ ಬೇರಿನಿಂದಲೇ ಹುಟ್ಟುತ್ತೆ. ಅದನ್ನು ಕೆಳಗೆ ಹೇಳಿದ್ದೇನೆ.

ಗೋವಾದ ಕೊಂಕಣಿಯಲ್ಲಿ ನಿರ್ಪೊಣಸ್, ಮರಾಠಿಯಲ್ಲಿ ನೀರಫಣಸ. ಮಾರ್ಕೆಟ್ಟಿನಲ್ಲಿ ನಾವು ಕನ್ನಡದವರು ಎರಡನ್ನೂ ಕಲಸಿ ನೀರ್ಫಣಸ ಅಂತೀವಿ. ಮಾರುವವಳಿಗೆ ಅರ್ಥ ಆಗುತ್ತೆ, ಅಷ್ಟು ಸಾಕು. ನಿಮ್ಮ ಪಕ್ಕದ ಮನೆಯವರು ಮಲಯಾಳಿಗಳಾದರೆ ಕಡಚಕ್ಕ ಇಲ್ಲವೇ ಶೀಮಚಕ್ಕ ಅನ್ನಿ, ಮುಖ ಅರಳುತ್ತೆ.

ರುಚಿ ಹೇಗಿರುತ್ತೆ? ಸಿಹಿಯಾ, ಹುಳಿಯಾ?

ಬಲಿತ ಕಾಯಿಯಾದರೆ ಎರಡೂ ಅಲ್ಲ. ಎಲ್ಲರೂ "ಆಲೂಗಡ್ಡೆ ಹಾಗೆ" ಅಂತಾರೆ. ನಾನೂ ಮೊದಮೊದಲು ಹಾಗೇ ಹೇಳುತ್ತಿದ್ದೆ. ಈಗ ಹೇಳಲ್ಲ. ಆಲೂಗಡ್ಡೆ ಅಂದುಕೊಂಡು ತಿಂದವರು "ಏನೋ ಬೇರೆ ಬಡೀತದ" ಅಂತ ತಟ್ಟೆ ಪಕ್ಕಕ್ಕಿಡುತ್ತಾರೆ. ಹಲಸು ಅಂದುಕೊಂಡು ತಿಂದವರಿಗೆ ವಾಸನೆಯೇ ಇಲ್ಲವಲ್ಲ ಅಂತ ನಿರಾಸೆ.

ನನ್ನ ಲೆಕ್ಕ ಹೀಗೆ. ಬೇಯಿಸಿದ ಬಾಳೆಕಾಯಿಯ ಗಟ್ಟಿತನ, ಆಲೂಗಡ್ಡೆಯ ಹಿಟ್ಟು ಹಿಟ್ಟು ಗುಣ, ಅದರ ಹಿಂದೆ ಎಲ್ಲೋ ಬೇಕರಿಯ ವಾಸನೆ. ಇಲ್ಲಿ ಬೆಳಗ್ಗೆ ಪೊದೇರ್ ಸೈಕಲ್ಲಿನಲ್ಲಿ ಪೋಂ ಪೋಂ ಅಂತ ಹಾರ್ನ್ ಒತ್ತುತ್ತಾ ಬರುತ್ತಾನಲ್ಲ, ಅವನ ಬುಟ್ಟಿಯ ಬಿಸಿ ಪಾವ್ ಮುರಿದಾಗ ಒಳಗಿನ ಬಿಳಿ ಭಾಗದಿಂದ ಒಂದು ವಾಸನೆ ಬರುತ್ತೆ. ಕೆಂಡದಲ್ಲಿ ಸುಟ್ಟ ನೀರ್ಫಣಸ ಬಿಡಿಸಿದಾಗ ಅದೇ ವಾಸನೆ. ಬ್ರೆಡ್ ಅಂತ ಹೆಸರಿಟ್ಟವರು ಸುಮ್ನೆ ಇಟ್ಟಿಲ್ಲ.

ಎಳೆಯದಾದರೆ ರುಚಿ ಬೇರೆ. ಸ್ವಲ್ಪ ಒಗರು, ತರಕಾರಿಯ ಹಸಿ ವಾಸನೆ. ಹಣ್ಣಾದರೆ ಮತ್ತೂ ಬೇರೆ. ಮೆತ್ತಗೆ, ಅಂಟಂಟು, ಸಿಹಿ, ಕಳಿತ ಬಾಳೆಹಣ್ಣಿನ ವಾಸನೆ. ಮೂರು ಹಂತಕ್ಕೆ ಮೂರು ರುಚಿ. ಇದನ್ನು ತಿಂದು "ಚೆನ್ನಾಗಿಲ್ಲ" ಅಂದವರನ್ನು ನಾನು ಮೊದಲು ಕೇಳುವುದು ಒಂದೇ ಮಾತು: ತಂದ ಎಷ್ಟನೇ ದಿನ ಮಾಡಿದಿರಿ?

ಹಾಗಂದ್ರೆ? ಎರಡು ದಿನ ಇಟ್ಟರೆ ಏನಾಗುತ್ತೆ?

ಇಲ್ಲಿ ನನ್ನ ಕತೆ ಹೇಳಲೇಬೇಕು. ಬಂದ ಮೊದಲ ವರ್ಷ. ಪಕ್ಕದ ಮನೆಯ ಮಾವಶಿ ಎರಡು ಕಾಯಿ ಕೊಟ್ಟರು. ಆಗ ಕೊಂಕಣಿ ಬರುತ್ತಿರಲಿಲ್ಲ, ಅವರು ಏನು ಹೇಳಿದರೋ ನನಗೆ ತಿಳಿಯಲಿಲ್ಲ, ತಲೆ ಆಡಿಸಿದೆ. ಹಲಸಿನ ಹಾಗೆ ಇರುತ್ತೆ, ಹಣ್ಣಾಗಿ ಘಮ ಬರಲಿ ಅಂತ ಅಡುಗೆಮನೆ ಕಟ್ಟೆಯ ಮೇಲಿಟ್ಟೆ. ಎರಡನೇ ದಿನ ಸಂಜೆ ಒತ್ತಿ ನೋಡಿದೆ, ಕಲ್ಲಿನ ಹಾಗಿತ್ತು. ಮೂರನೇ ದಿನ ಬೆಳಗ್ಗೆ ಏಳುವಷ್ಟರಲ್ಲಿ ಒಂದು ಕಾಯಿ ಒಂದು ಕಡೆ ಕುಸಿದು ಕೂತಿತ್ತು. ಎತ್ತಲು ಹೋದರೆ ಹೆಬ್ಬೆರಳು ಒಳಗೆ ಹೋಯಿತು. ಕಟ್ಟೆಯ ಮೇಲೆ ಅಂಟು, ಹುಳಿ ಹುಳಿ ವಾಸನೆ, ಮೇಲೆ ಇರುವೆ ಸಾಲು. ಎರಡನ್ನೂ ತೆಂಗಿನ ಬುಡಕ್ಕೆ ಹಾಕಿದೆ. ಮಾವಶಿ ಸಂಜೆ ಬಂದು "ಕಾಪಾಂ ಹೇಗಾದವು?" (ಕಾಪಾಂ ಅಂದರೆ ರವೆ ಹಚ್ಚಿ ಹುರಿದ ಹೋಳು, ಕೆಳಗೆ ಹೇಳಿದ್ದೇನೆ) ಅಂತ ಕೈಸನ್ನೆ ಮಾಡಿ ಕೇಳಿದಾಗ ಚೆನ್ನಾಗಿತ್ತು ಅಂತ ಸುಳ್ಳು ಹೇಳಿದೆ.

ಇದು ಕಿತ್ತ ಮೇಲೆ ಕಾಯುವ ಜಾತಿಯಲ್ಲ. ನಮ್ಮ ಸೆಕೆಯಲ್ಲಿ ಒಂದರಿಂದ ಮೂರು ದಿನದೊಳಗೆ ಬಲಿತ ಕಾಯಿ ಹಣ್ಣಾಗಿಬಿಡುತ್ತೆ. ಅದೂ ನಿಧಾನಕ್ಕೆ ಅಲ್ಲ, ಒಂದೇ ರಾತ್ರಿಯಲ್ಲಿ. ಪಲ್ಯ, ಬಜಿ, ಕಾಪಾಂ ಬೇಕಿದ್ದರೆ ತಂದ ದಿನವೇ ಮಾಡಿ. ಹೆಚ್ಚೆಂದರೆ ಮರುದಿನ.

ಹಾಗಾದ್ರೆ ಉಳಿಸಿಕೊಳ್ಳುವ ದಾರಿ ಇಲ್ವಾ?

ಇದೆ. ಇಡೀ ಕಾಯಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಹಣ್ಣಾಗುವುದು ಒಂದೆರಡು ದಿನ ತಡವಾಗುತ್ತೆ. ಕಾಯಿ ತೇಲುತ್ತೆ, ಮೇಲೊಂದು ತಟ್ಟೆ, ಅದರ ಮೇಲೆ ಕಲ್ಲು ಇಡಿ. ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಂದು ಬಣ್ಣಕ್ಕೆ ತಿರುಗುತ್ತೆ, ಹೆದರಬೇಡಿ, ಒಳಗೆ ಚೆನ್ನಾಗೇ ಇರುತ್ತೆ.

ಜಾಸ್ತಿ ಬಂದರೆ ನಾನು ಮಾಡುವುದು ಇಷ್ಟು. ಸಿಪ್ಪೆ ತೆಗೆದು ಹೋಳು ಮಾಡಿ, ಉಪ್ಪು ಹಾಕಿದ ನೀರಿನಲ್ಲಿ ಅರೆಬೇಯಿಸಿ, ಬಸಿದು, ಆರಿಸಿ, ಡಬ್ಬಿಗೆ ಹಾಕಿ ಫ್ರೀಜರಿಗೆ. ಶ್ರಾವಣದಲ್ಲಿ ಇಟ್ಟದ್ದನ್ನು ದೀಪಾವಳಿಗೆ ತೆಗೆದು ಹುಳಿ ಮಾಡಿದ್ದೇನೆ. ಕಾಪಾಂಗೆ ಮಾತ್ರ ಫ್ರೀಜರಿನದು ಬೇಡ, ನೀರು ಬಿಡುತ್ತೆ.

ಶಾಂತಸಾಗರದ ದ್ವೀಪಗಳಲ್ಲಿ ಫ್ರಿಜ್ಜಿಲ್ಲದ ಕಾಲದಲ್ಲಿ ಜನ ಏನು ಮಾಡುತ್ತಿದ್ದರು ಗೊತ್ತಾ? ನೆಲದಲ್ಲಿ ಗುಂಡಿ ತೋಡಿ, ಒಳಗೆ ಎಲೆ ಹಾಸಿ, ಸಿಪ್ಪೆ ತೆಗೆದ ಕಾಯಿ ತುಂಬಿ ಮುಚ್ಚುತ್ತಿದ್ದರು. ಅದು ಹುಳಿ ಬಂದು ಹಿಟ್ಟಿನ ಮುದ್ದೆಯಂತೆ ಆಗುತ್ತಿತ್ತು. ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಇರುತ್ತಿತ್ತು. ಬಿರುಗಾಳಿ ಬಂದು ಮರಗಳು ಬಿದ್ದ ವರ್ಷ ಅದೇ ಊಟ. ನಮ್ಮ ಕಡೆ ಹಗೇವಿನಲ್ಲಿ ಜೋಳ ಇಡುತ್ತಿದ್ದರಲ್ಲ, ಹಾಗೆಯೇ ಅನ್ನಿ.

ಮಾರ್ಕೆಟ್ಟಿನಲ್ಲಿ ಒಳ್ಳೆಯದನ್ನು ಆರಿಸೋದು ಹೇಗೆ?

ಅಪ್ಪಟ ಹಸಿರು, ಮೇಲೆ ಮುಳ್ಳು ಮುಳ್ಳು ಇದ್ದರೆ ಎಳೆಯದು. ಬೇಯಿಸಿದರೂ ಹಿಟ್ಟಾಗಲ್ಲ. ನಮಗೆ ಬೇಕಾದದ್ದು ಬಲಿತದ್ದು. ಮುಳ್ಳೆಲ್ಲ ಚಪ್ಪಟೆಯಾಗಿ, ಮನೆಗಳ ನಡುವಿನ ಗೆರೆ ಕಂದು ಬಣ್ಣಕ್ಕೆ ತಿರುಗಿ, ಹಸಿರಿನಲ್ಲಿ ಸ್ವಲ್ಪ ಹಳದಿ ಇಣುಕುತ್ತಿರಬೇಕು. ಸಿಪ್ಪೆಯ ಮೇಲೆ ಅಲ್ಲಲ್ಲಿ ಒಣಗಿದ ಬಿಳಿ ಹಾಲಿನ ಚುಕ್ಕೆ ಇದ್ದರೆ ಅದೇ ಸರಿಯಾದ ಕಾಯಿ. ಜನ ಆ ಚುಕ್ಕೆ ನೋಡಿ ಹುಳ ಬಿದ್ದಿದೆ ಅಂತ ಪಕ್ಕಕ್ಕಿಡುತ್ತಾರೆ. ನಾನು ಅದನ್ನೇ ಎತ್ತಿಕೊಳ್ಳುತ್ತೇನೆ.

ಬೆರಳಿನಿಂದ ಒತ್ತಿ. ಗಟ್ಟಿ ಇರಬೇಕು. ಎಲ್ಲಾದರೂ ಮೆತ್ತಗಿದ್ದರೆ ಅದು ಬಿದ್ದ ಕಾಯಿ. ಒಮ್ಮೆ ಒಬ್ಬ ಅಂಗಡಿಯವ ಮೆತ್ತಗಿನ ಭಾಗವನ್ನು ಕೆಳಗೆ ಮಾಡಿಟ್ಟು ನನಗೆ ಅಂಟಿಸಿದ್ದ. ಈಗ ತಿರುಗಿಸಿ ನೋಡದೆ ದುಡ್ಡು ಕೊಡಲ್ಲ. ರಸ್ತೆ ಬದಿಯಲ್ಲಿ ಗೋಣಿ ಹಾಸಿ ಕೂತ ಹಳ್ಳಿಯ ಹೆಂಗಸರ ಹತ್ತಿರ ತೆಗೆದುಕೊಳ್ಳಿ ಅನ್ನುವುದು ನನ್ನ ಸಲಹೆ. ಅವರು ಬೆಳಗ್ಗೆ ತಮ್ಮ ಮರದಿಂದ ಕಿತ್ತು ತಂದಿರುತ್ತಾರೆ. "ಇವತ್ತಿಗಾ, ನಾಳೆಗಾ?" ಅಂತ ಅವರೇ ಕೇಳಿ ಆರಿಸಿ ಕೊಡುತ್ತಾರೆ. ಮಾಪುಸಾದ ಶುಕ್ರವಾರದ ಸಂತೆಗೆ ಹೋದರೆ ಇಂಥವರು ಸಿಗುತ್ತಾರೆ. ಮುಂಬೈಯಲ್ಲಿ ಇರುವವರು ಮಾಟುಂಗಾ ಮಾರ್ಕೆಟ್ಟಿನಲ್ಲಿ ನಮ್ಮ ದಕ್ಷಿಣದ ತರಕಾರಿ ಮಾರುವ ಕಡೆ ವಿಚಾರಿಸಿ.

ಯಾವ ಕಾಲದಲ್ಲಿ ಸಿಗುತ್ತೆ?

ನಮ್ಮ ಹಿತ್ತಲಿನ ಮರ ಮೇ ಕೊನೆಗೆ ಶುರು ಮಾಡಿ ಚೌತಿ ತನಕ ಕೊಡುತ್ತೆ. ಆಮೇಲೂ ಅಲ್ಲೊಂದು ಇಲ್ಲೊಂದು. ಜುಲೈ, ಆಗಸ್ಟ್‌ನಲ್ಲಿ ಕೈತುಂಬ.

ಹೆಚ್ಚುವಾಗ ಕೈಯೆಲ್ಲ ಅಂಟಾಗುತ್ತೆ. ಏನು ಮಾಡೋದು?

ಹಲಸಿನ ಮೇಣಕ್ಕೆ ಮಾಡುವುದೇ ಇದಕ್ಕೂ. ಕೈಗೆ, ಚಾಕುವಿಗೆ, ಈಳಿಗೆಗೆ ಮೊದಲೇ ಕೊಬ್ಬರಿ ಎಣ್ಣೆ ಸವರಿ. ತೊಟ್ಟು ಕತ್ತರಿಸಿ, ಕಾಯಿಯನ್ನು ತಲೆಕೆಳಗೆ ಮಾಡಿ ಅರ್ಧ ಗಂಟೆ ಇಟ್ಟರೆ ಹಾಲು ಸೋರಿ ಹೋಗುತ್ತೆ. ಕೆಳಗೆ ಹಳೇ ಪೇಪರ್ ಹಾಕಿ. ಬಟ್ಟೆಗೆ ತಾಗಿಸಿಕೊಳ್ಳಬೇಡಿ, ಕಲೆ ಹೋಗಲ್ಲ.

ನಾಲ್ಕು ಭಾಗ ಮಾಡಿ, ನಡುವಿನ ದಿಂಡು ತೆಗೆದು, ಆಮೇಲೆ ಸಿಪ್ಪೆ ಹೆರೆಯಿರಿ. ಇಡೀ ಕಾಯಿಯ ಸಿಪ್ಪೆ ಮೊದಲೇ ಹೆರೆಯಲು ಹೋದರೆ ಕೈಯಿಂದ ಜಾರುತ್ತೆ. ಹೋಳುಗಳನ್ನು ಕೂಡಲೇ ಉಪ್ಪು ನೀರಿಗೆ ಹಾಕಿ, ಇಲ್ಲದಿದ್ದರೆ ಬದನೆಕಾಯಿಯ ಹಾಗೆ ಕಪ್ಪಾಗುತ್ತೆ.

ಕಾಪಾಂ ಅಂದ್ರೇನು? ಎಲ್ಲರೂ ಅದನ್ನೇ ಮಾಡಿ ಅಂತಾರಲ್ಲ?

ಕಾಪ್ ಅಂದರೆ ಕೊಂಕಣಿಯಲ್ಲಿ ಹೋಳು. ತೆಳ್ಳಗೆ ಕೊಯ್ದು, ಖಾರ ಹಚ್ಚಿ, ರವೆಯಲ್ಲಿ ಹೊರಳಿಸಿ ತವಾದ ಮೇಲೆ ಹುರಿದದ್ದು. ಬದನೆಕಾಯಿ, ಸುವರ್ಣಗಡ್ಡೆ, ಬಾಳೆಕಾಯಿ ಎಲ್ಲದರದೂ ಮಾಡುತ್ತಾರೆ, ಆದರೆ ನಿರ್ಪೊಣಸ್ ಕಾಪಾಂ ಅಂದರೆ ಗೋವಾದವರ ದನಿಯೇ ಬದಲಾಗುತ್ತೆ.

ಅದಕ್ಕೊಂದು ಕಾರಣ ಇದೆ. ಶ್ರಾವಣದಲ್ಲಿ ಇಲ್ಲಿನ ಹಿಂದೂ ಮನೆಗಳಲ್ಲಿ ಮೀನು ನಿಲ್ಲುತ್ತೆ. ಊಟ ಪೂರ್ತಿ ಶಿವರಾಕ್, ಅಂದರೆ ಸಸ್ಯಾಹಾರ. ವರ್ಷವಿಡೀ ದಿನಕ್ಕೆರಡು ಸಲ ಮೀನು ತಿನ್ನುವವರಿಗೆ ಒಂದು ತಿಂಗಳು ಬರಿ ಅನ್ನ, ತೊವ್ವೆ ಅಂದರೆ ಕಷ್ಟ ಅಲ್ವಾ? ಅದೇ ಹೊತ್ತಿಗೆ ಮರದ ತುಂಬ ನೀರ್ಫಣಸ. ಮೀನಿಗೆ ಹಚ್ಚುವ ಅದೇ ಖಾರ, ಅದೇ ರವೆ, ಅದೇ ತವಾ. ತಟ್ಟೆಯಲ್ಲಿ ಅನ್ನದ ಪಕ್ಕಕ್ಕೆ ಬಂದು ಕೂತರೆ ನೋಡಲು ಹುರಿದ ಮೀನಿನ ತುಂಡೇ. ನಮ್ಮ ಮಾವಶಿಯ ಯಜಮಾನರು ಶ್ರಾವಣದ ಮೊದಲ ವಾರ ಮುಖ ಊದಿಸಿಕೊಂಡಿರುತ್ತಾರೆ. ಕಾಪಾಂ ಆದ ದಿನ ಮಾತ್ರ ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತಾರೆ.

ಸರಿ, ಮಾಡುವ ರೀತಿ ಹೇಳಿ.

ಮಾವಶಿ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದು ಹೀಗೆ.

ಬಲಿತ ಕಾಯಿಯ ಕಾಲುಭಾಗ ತೆಗೆದುಕೊಂಡು ಅರ್ಧ ಬೆರಳು ದಪ್ಪಕ್ಕೆ ಕೊಯ್ಯಿರಿ. ತೆಳ್ಳಗಾದರೆ ಹಪ್ಪಳ ಆಗುತ್ತೆ, ದಪ್ಪಗಾದರೆ ಒಳಗೆ ಬೇಯಲ್ಲ. ಉಪ್ಪು, ಅರಿಶಿನ ಹಾಕಿದ ನೀರಿನಲ್ಲಿ ಹತ್ತು ನಿಮಿಷ. ಬಸಿದು, ಖಾರದ ಪುಡಿ, ಅರಿಶಿನ, ಇಂಗು, ಉಪ್ಪು ಹಚ್ಚಿ. ಒಂದು ಚಮಚ ಆಗಳ ಹಾಕಿ. ಆಗಳ ಅಂದರೆ ಉಪ್ಪು ಹಾಕಿ ಇಟ್ಟ ಕೋಕಮ್ ರಸ, ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತೆ. ಇಲ್ಲದಿದ್ದರೆ ಹುಣಸೆ ರಸ ನಡೆಯುತ್ತೆ. ಕಾಲು ಗಂಟೆ ಬಿಡಿ.

ಸಣ್ಣ ರವೆಗೆ ಒಂದು ಮುಷ್ಟಿ ಅಕ್ಕಿ ಹಿಟ್ಟು ಬೆರೆಸಿ, ಹೋಳನ್ನು ಒತ್ತಿ ಹೊರಳಿಸಿ. ತವಾಕ್ಕೆ ಕೊಬ್ಬರಿ ಎಣ್ಣೆ. ಮೊದಲ ಬದಿಗೆ ಮುಚ್ಚಳ ಮುಚ್ಚಿ, ಸಣ್ಣ ಉರಿ, ಐದಾರು ನಿಮಿಷ. ತಿರುವಿದ ಮೇಲೆ ಮುಚ್ಚಳ ಬೇಡ, ರವೆ ಗರಿ ಆಗಲಿ. ನಾನು ಮೊದಲ ಸಲ ಉರಿ ಜೋರು ಮಾಡಿದ್ದೆ. ಹೊರಗೆ ಕರಿ, ಒಳಗೆ ಹಸಿ. ಮಾವಶಿ ಏನೂ ಅನ್ನಲಿಲ್ಲ, ಕೈ ಚಾಚಿ ಗ್ಯಾಸಿನ ಕಿವಿ ತಿರುಗಿಸಿದರು, ಅಷ್ಟೇ. ಹೋಳಿಗೆ ಚಾಕುವಿನ ತುದಿ ಚುಚ್ಚಿದರೆ ಬೆಣ್ಣೆಗೆ ಹೋದ ಹಾಗೆ ಹೋಗಬೇಕು. ಆಗ ತೆಗೆಯಿರಿ. ಬಿಸಿ ಬಿಸಿ ತಿನ್ನಿ, ಆರಿದರೆ ತೊಗಲಿನ ಹಾಗಾಗುತ್ತೆ.

ಇದರಲ್ಲಿ ಬೇರೆ ಏನೇನು ಮಾಡಬಹುದು?

ಮಡಗಾಂವಿನಲ್ಲಿರುವ ನನ್ನ ಕುಂದಾಪುರದ ಗೆಳತಿಯನ್ನು ಕೇಳಿದರೆ ಪಟ್ಟಿ ನಿಲ್ಲಲ್ಲ. ಜೀಗುಜ್ಜೆ ಪೋಡಿ, ಅಂದರೆ ಕಡಲೆ ಹಿಟ್ಟಿನಲ್ಲಿ ಅದ್ದಿ ಕರಿದ ಬಜಿ. ಮಳೆ ಸಂಜೆಗೆ ಚಹಾದ ಜೊತೆ. ಜೀಗುಜ್ಜೆ ಕಡಲೆ ಸುಕ್ಕ, ಹುರಿದ ಮಸಾಲೆಗೆ ತೆಂಗಿನಕಾಯಿ ಹಾಕಿ ಮಾಡಿದ ಒಣ ಪಲ್ಯ. ಹುಳಿ, ಚಿಪ್ಸ್. ಅವಳ ಪ್ರಕಾರ ಸುಕ್ಕದಲ್ಲಿ ಮಾತ್ರ ಇದರ ಬೆಲೆ ಗೊತ್ತಾಗುವುದು. ಯಾಕೆಂದರೆ ಇದಕ್ಕೆ ತನ್ನದೇ ಜೋರು ರುಚಿ ಇಲ್ಲ, ಮಸಾಲೆಯನ್ನು ಹೀರಿಕೊಂಡು ಒಳಗಿಟ್ಟುಕೊಳ್ಳುತ್ತೆ.

ಗೋವಾದವರು ಖತಖತೆಗೆ ಹಾಕುತ್ತಾರೆ. ಅದು ಹಲವು ತರಕಾರಿಗಳ ಕೂಟು, ತೆಂಗಿನಕಾಯಿ, ಕೋಕಮ್, ಮೇಲೆ ನಾಲಿಗೆ ಜುಮ್ ಅನ್ನಿಸುವ ತಿರ್ಫಳ ಅನ್ನುವ ಮಸಾಲೆ ಕಾಳು. ತೊಂಡಾಕ್ ಅನ್ನುವ ಕಡಲೆ ಹಾಕಿದ ಸಾರಿಗೂ ಸೇರುತ್ತೆ.

ಇನ್ನು ನಮ್ಮ ಗದಗಿನ ಅಡುಗೆಮನೆಗೆ ಹೊಂದುವ ಹಾಗೆ ನಾನು ಮಾಡಿಕೊಂಡದ್ದು ಎರಡು. ಒಂದು, ಎಣ್ಣೆಗಾಯಿ. ಬದನೆಕಾಯಿಗೆ ತುಂಬುವ ಶೇಂಗಾ ಪುಡಿ, ಗುರೆಳ್ಳು ಪುಡಿ, ಹುಣಸೆ, ಬೆಲ್ಲ, ಖಾರದ ಮಸಾಲೆಯನ್ನೇ ಅರೆಬೆಂದ ನೀರ್ಫಣಸದ ಹೋಳಿಗೆ ಕೂಡಿಸಿ ಎಣ್ಣೆಯಲ್ಲಿ ಬಾಡಿಸುವುದು. ಜೋಳದ ರೊಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಿ ಗೋವಾದಲ್ಲಿ ನನಗೆ ಸಿಕ್ಕಿಲ್ಲ. ಇನ್ನೊಂದು, ಮಿರ್ಚಿ ಬಜಿಯ ಹಿಟ್ಟಿನಲ್ಲೇ ಇದರ ಬಜಿ, ಓಂಕಾಳು ಹಾಕಿ. ಮಂಗಳೂರಿನವರ ಪೋಡಿಗಿಂತ ನಮ್ಮದೇ ಮೇಲು ಅನ್ನುವುದು ನನ್ನ ವಾದ. ಗೆಳತಿ ಒಪ್ಪಲ್ಲ.

ಕುಕ್ಕರಿಗೆ ಹಾಕುವಾಗ ಎಚ್ಚರ. ಒಂದು ಸೀಟಿ ಸಾಕು. ಮೂರು ಸೀಟಿ ಹೊಡೆಸಿದರೆ ಹೋಳು ಹುಡುಕಬೇಕಾಗುತ್ತೆ.

ಹಣ್ಣಾಗಿಹೋಗಿದೆ. ಎಸೀಬೇಕಾ?

ಹುಳಿ ವಾಸನೆ ಬಂದಿದ್ದರೆ ಎಸೆಯಿರಿ. ಬರಿ ಮೆತ್ತಗಾಗಿ ಸಿಹಿ ವಾಸನೆ ಇದ್ದರೆ ಬೇಡ. ತಿರುಳು ಚಮಚದಲ್ಲಿ ತೆಗೆದು, ಬೆಲ್ಲ, ಏಲಕ್ಕಿ, ಅಕ್ಕಿ ರವೆ ಕೂಡಿಸಿ ಹಲಸಿನ ಹಣ್ಣಿನ ಕಡುಬಿನ ಹಾಗೆ ಹಬೆಯಲ್ಲಿ ಬೇಯಿಸಿ. ತುಪ್ಪದಲ್ಲಿ ಬಾಡಿಸಿ ಹಲ್ವಾ ಮಾಡಿದರೂ ಸರಿ. ಹಾಗೇ ತಿನ್ನಬಹುದು, ಆದರೆ ನನಗೆ ಹಿಡಿಸಲಿಲ್ಲ. ಗೋವಾದಲ್ಲೂ ನಾನು ನೋಡಿದ ಮನೆಗಳಲ್ಲಿ ಹಣ್ಣಿಗೆ ಅಂಥ ಮರ್ಯಾದೆ ಇಲ್ಲ.

ಬಲಿತ ಕಾಯಿಯನ್ನು ಹಸಿಯಾಗಿ ತಿನ್ನಬೇಡಿ. ರುಚಿಯೂ ಇಲ್ಲ, ಹೊಟ್ಟೆಗೂ ಹಿಡಿಸಲ್ಲ.

ಸಕ್ಕರೆ ಕಾಯಿಲೆ ಇರುವವರು ತಿನ್ನಬಹುದಾ? ತೂಕ ಇಳಿಯುತ್ತೆ ಅಂತ ಹೇಳ್ತಾರೆ?

ತೂಕ ಇಳಿಸುವ ಮಾತು ಬಿಡಿ. 100 ಗ್ರಾಂನಲ್ಲಿ ಸುಮಾರು 100 ಕ್ಯಾಲೊರಿ, 27 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಆಲೂಗಡ್ಡೆಯಲ್ಲಿ ಇದಕ್ಕಿಂತ ಕಡಿಮೆ, ಸುಮಾರು 77 ಕ್ಯಾಲೊರಿ. ಹಾಗಾಗಿ ಇದನ್ನು ತರಕಾರಿ ಅಂತ ಲೆಕ್ಕ ಹಾಕಬೇಡಿ, ಅನ್ನ, ರೊಟ್ಟಿಯ ಲೆಕ್ಕಕ್ಕೆ ಹಾಕಿ. ಇದನ್ನು ತಿಂದ ದಿನ ಒಂದು ರೊಟ್ಟಿ ಕಡಿಮೆ ಮಾಡಿ.

ಒಳ್ಳೆಯದೂ ಇದೆ. ನಾರು 5 ಗ್ರಾಂ ಹತ್ತಿರ, ಸಿ ಜೀವಸತ್ವ ಇದೆ, ಗ್ಲುಟೆನ್ ಇಲ್ಲ. ಪೊಟ್ಯಾಸಿಯಂ 490 ಮಿಲಿಗ್ರಾಂ ಆಸುಪಾಸು. ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದರೆ ಅವರನ್ನು ಕೇಳದೆ ತಿನ್ನಬೇಡಿ. ಹಲಸಿನ ಮೇಣಕ್ಕೆ ಮೈ ತುರಿಸುವವರು ಇದನ್ನು ಹೆಚ್ಚುವಾಗಲೂ ಜೋಪಾನ.

ಇದು ಎಲ್ಲಿಂದ ಬಂದದ್ದು? ಹಡಗಿನಲ್ಲಿ ಜಗಳ ಆಗಿತ್ತಂತೆ, ನಿಜಾನಾ?

ನಿಜ. ಇದರ ಮೂಲ ನ್ಯೂಗಿನಿ ಕಡೆ. ಅಲ್ಲಿ ಬೀಜ ಇರುವ ಒಂದು ಕಾಡು ಜಾತಿ ಇದೆ. ಸಾವಿರಾರು ವರ್ಷ ಜನ ಒಳ್ಳೆ ಒಳ್ಳೆ ಮರ ಆರಿಸುತ್ತಾ, ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಒಯ್ಯುತ್ತಾ ಬೀಜವಿಲ್ಲದ್ದು ಮಾಡಿಕೊಂಡರು.

ಹಡಗಿನ ಕತೆ ಆಮೇಲಿನದು. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರನ್ನು ದುಡಿಸುತ್ತಿದ್ದ ಬ್ರಿಟಿಷರಿಗೆ ಅವರ ಹೊಟ್ಟೆ ತುಂಬಿಸಲು ಅಗ್ಗದ ಊಟ ಬೇಕಿತ್ತು. 1787ರ ಡಿಸೆಂಬರಿನಲ್ಲಿ ವಿಲಿಯಂ ಬ್ಲೈ ಅನ್ನುವ ನಾವಿಕ ಬೌಂಟಿ ಹಡಗು ಹತ್ತಿ ತಾಹಿತಿಗೆ ಹೊರಟ. ಅಲ್ಲಿ ಸಾವಿರಕ್ಕೂ ಜಾಸ್ತಿ ಗಿಡ ಹಡಗಿಗೆ ತುಂಬಿದ. ವಾಪಸು ಬರುವಾಗ 1789ರ ಏಪ್ರಿಲ್ 28ರಂದು ಹಡಗಿನವರೇ ತಿರುಗಿಬಿದ್ದರು. ಬ್ಲೈಯನ್ನೂ ಅವನ ಕಡೆಯ 18 ಜನರನ್ನೂ ಒಂದು ಸಣ್ಣ ದೋಣಿಗೆ ಇಳಿಸಿದರು. ಗಿಡಗಳನ್ನು ಸಮುದ್ರಕ್ಕೆ ಎಸೆದರು. ಬ್ಲೈ ಆ ದೋಣಿಯಲ್ಲೇ ಸಾವಿರಾರು ಮೈಲಿ ಸಾಗಿ ತಿಮೋರ್ ಮುಟ್ಟಿದ. ಅಷ್ಟಾದರೂ ಬಿಡಲಿಲ್ಲ, ಇನ್ನೊಂದು ಸಲ ಹೋಗಿ 1793ರಲ್ಲಿ ಗಿಡಗಳನ್ನು ಸೇಂಟ್ ವಿನ್ಸೆಂಟ್, ಜಮೈಕಾಕ್ಕೆ ತಲುಪಿಸಿದ. ಅಲ್ಲಿನ ಗುಲಾಮರು ಮೊದಮೊದಲು ಅದನ್ನು ಮುಟ್ಟಲಿಲ್ಲ. ಈಗ ಅದೇ ಸೇಂಟ್ ವಿನ್ಸೆಂಟಿನಲ್ಲಿ ಸುಟ್ಟ ನೀರ್ಫಣಸಕ್ಕೆ ಹುರಿದ ಮೀನು ಸೇರಿಸಿದ್ದೇ ದೇಶದ ಊಟ.

ಅಲ್ಲಿ ಮೀನಿನ ಜೊತೆಗೆ, ಇಲ್ಲಿ ಮೀನಿಲ್ಲದ ತಿಂಗಳಿಗೆ.

ಗಿಡ ಬೆಳೆಸಬೇಕು. ಬೀಜ ಎಲ್ಲಿ ಸಿಗುತ್ತೆ?

ಬೀಜ ಇಲ್ಲ ಅಂದೆನಲ್ಲ. ಮರದ ಬೇರು ನೆಲದ ಮೇಲ್ಭಾಗದಲ್ಲೇ ಹರಡಿಕೊಂಡಿರುತ್ತೆ. ಅದಕ್ಕೆ ಗಾಯವಾದ ಕಡೆ ಮರಿ ಸಸಿ ಏಳುತ್ತೆ. ಮಾವಶಿ ಗುದ್ದಲಿಯ ತುದಿಯಿಂದ ಬೇರಿಗೆ ಮೆಲ್ಲಗೆ ಗಾಯ ಮಾಡಿ ಮಣ್ಣು ಮುಚ್ಚುತ್ತಾರೆ. ಸಸಿ ಎದ್ದು ಮೊಳದಷ್ಟಾದ ಮೇಲೆ ಬೇರಿನ ತುಂಡಿನ ಸಮೇತ ಕತ್ತರಿಸಿ ಕೊಡುತ್ತಾರೆ. ನರ್ಸರಿಯಲ್ಲೂ ಸಿಗುತ್ತೆ. ಮೂರರಿಂದ ಆರು ವರ್ಷಕ್ಕೆ ಫಲ.

ಜಾಗ ಮಾತ್ರ ಬೇಕು. ದೊಡ್ಡ ಮರ ಆಗುತ್ತೆ. ಗೋಡೆಯ ಪಕ್ಕ, ಬಾವಿಯ ಪಕ್ಕ ನೆಡಬೇಡಿ. ಬಿಸಿಲು, ಮಳೆ, ಗಾಳಿಯಲ್ಲಿ ತೇವ, ಮೂರೂ ಇರಬೇಕು. ಊರಿಗೆ ಒಯ್ದು ನೆಡ್ತೀನಿ ಅನ್ನುವವರಿಗೆ ನನ್ನ ಅನುಭವ: ನಾನು ಎರಡು ಸಸಿ ಒಯ್ದಿದ್ದೆ. ಒಂದು ಬೇಸಿಗೆ ದಾಟಲಿಲ್ಲ. ಇನ್ನೊಂದನ್ನು ಅವ್ವ ಬಚ್ಚಲು ನೀರು ಹೋಗುವ ಕಡೆ ನೆಟ್ಟಿದ್ದಳು. ಎರಡು ವರ್ಷ ಬದುಕಿ, ಎಲೆ ಸುಟ್ಟುಕೊಂಡು ಹೋಯಿತು.

ಎಲೆ, ಹೂವು, ಕಟ್ಟಿಗೆ ಏನಾದರೂ ಉಪಯೋಗಕ್ಕೆ ಬರುತ್ತಾ?

ಕಟ್ಟಿಗೆ ಹಗುರ. ಶಾಂತಸಾಗರದ ದ್ವೀಪಗಳಲ್ಲಿ ದೋಣಿಗೆ ಬಳಸುತ್ತಿದ್ದರು, ಹಾಲನ್ನು ದೋಣಿಯ ಸಂದಿಗೆ ಮೆತ್ತುತ್ತಿದ್ದರು. ಒಳತೊಗಟೆಯನ್ನು ಬಡಿದು ಬಟ್ಟೆ ಮಾಡುತ್ತಿದ್ದರು. ಗಂಡು ಹೂವು ಕೋಲಿನ ಹಾಗೆ ಉದ್ದ, ಉದುರಿ ನೆಲದ ಮೇಲೆ ಬಿದ್ದಿರುತ್ತೆ. ಅದನ್ನು ಒಣಗಿಸಿ ಸುಟ್ಟು ಹೊಗೆ ಹಾಕಿದರೆ ಸೊಳ್ಳೆ ಓಡುತ್ತೆ. ನಾನೂ ಮಾಡಿ ನೋಡಿದ್ದೇನೆ. ಸೊಳ್ಳೆಯ ಜೊತೆ ನಾವೂ ಹೊರಗೆ ಓಡಿದೆವು.

ಊರಿಗೆ ಒಯ್ಯಬಹುದಾ?

ಒಯ್ಯಬಹುದು. ಬೆಳಗ್ಗೆ ಕಿತ್ತ ಕಾಯಿ ಬೇಕು, ಬಲಿತದ್ದು, ಪೆಟ್ಟು ಬಿದ್ದಿರಬಾರದು. ಹಗ್ಗ ಕಟ್ಟಿ ಇಳಿಸಿದ್ದೋ, ಜಾಳಿಗೆ ಕಟ್ಟಿದ ಗಳದಲ್ಲಿ ಕಿತ್ತದ್ದೋ ಕೇಳಿ. ನೆಲಕ್ಕೆ ಬಿದ್ದದ್ದು ಲೋಂಡಾ ದಾಟುವಷ್ಟರಲ್ಲಿ ಮೆತ್ತಗಾಗುತ್ತೆ. ತೊಟ್ಟಿನ ಹಾಲು ಪೂರ್ತಿ ಸೋರಲಿ, ಆಮೇಲೆ ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರುತ್ತೆ. ಸೀಟಿನ ಕೆಳಗೆ ಇಡಿ, ಮೇಲೆ ಬೇರೆ ಸಾಮಾನು ಹೇರಬೇಡಿ.

ಹೋದ ವರ್ಷ ನಾನು ಮೂರು ಒಯ್ದಿದ್ದೆ. ಮನೆ ಮುಟ್ಟಿದಾಗ ರಾತ್ರಿ ಹತ್ತು ಗಂಟೆ. ಅವ್ವ ಚೀಲ ಬಿಚ್ಚಿ ಒಂದನ್ನು ಒತ್ತಿ ನೋಡಿ, "ಇದು ನಾಳೆತನಕ ತಡಿಯಂಗಿಲ್ಲ" ಅಂದಳು. ಹಿಟ್ಟು ಕಲಸಿ ಒಲೆಯ ಮೇಲೆ ಬಾಣಲೆ ಇಟ್ಟಳು. ಹನ್ನೊಂದೂವರೆಗೆ ಅಕ್ಕಪಕ್ಕದವರನ್ನೂ ಎಬ್ಬಿಸಿ ಬಜಿ ಕೊಟ್ಟಳು. ಎದುರುಮನೆ ಕಾಕಾ ತಿಂದು, "ಬಟಾಟಿ ಭಾಳ ಚಲೋ ಅದಾವಲ್ಲವಾ, ಎಲ್ಲಿವು?" ಅಂತ ಕೇಳಿದರು. ಅವ್ವ ಬಾಣಲೆಯಿಂದ ತಲೆ ಎತ್ತದೆ, "ಗೋವಾದ್ವು" ಅಂದಳು.